ಆಂಪ್ಲಿಫೈಯರ್ ಕೊಳ್ಳುವ ಮುನ್ನ ಸದ್ದು ಸಮ ಮಾಡಿಸಿ ಕೇಳಿ

ಹಾಸನದಲ್ಲಿ ಯಾರಾದರೂ ಮನೆಗೆ ಆಂಪ್ಲಿಫೈಯರ್ ಕೊಳ್ಳಲು ಹೊರಟಿದ್ದರೆ ದಯವಿಟ್ಟು ಇದನ್ನು ಓದಿಕೊಂಡು ಹೋಗಿ. ಕಳೆದ ತಿಂಗಳು ನಾನು 38,000 ರೂಪಾಯಿ ಸುಮ್ಮನೆ ಕಳೆದುಕೊಂಡೆ.

ಹಳೆಯ ಆಂಪ್ಲಿಫೈಯರನ್ನು ಆಟೋದಲ್ಲಿ ಇಟ್ಟುಕೊಂಡು ಊರಿನ ಅಂಗಡಿಯೊಂದಕ್ಕೆ ಹೋಗಿದ್ದೆ. ಒಂದೇ ಜೋಡಿ ಸ್ಪೀಕರ್, ಒಂದೇ ಹಿಂದೂಸ್ತಾನಿ ಗಾಯನ, ಎರಡರಲ್ಲೂ ವಾಲ್ಯೂಮ್ ಅರ್ಧಕ್ಕೆ. ಹೊಸದರಲ್ಲಿ ತಂಬೂರಿಯ ಎಳೆ ಎದ್ದು ಕೇಳಿಸಿತು, ತಬಲಾ ಜೋಡಿಯ ತಗ್ಗು ಸ್ವರದ ಡಗ್ಗಾಕ್ಕೆ ತೂಕ ಬಂತು. “ವ್ಯತ್ಯಾಸ ಗೊತ್ತಾಯಿತಾ ಸಾರ್?” ಎಂದರು ಅಂಗಡಿಯವರು. ನಿಜವಾಗಿಯೂ ಗೊತ್ತಾಗಿತ್ತು. ಅಲ್ಲೇ ಹಣ ಕೊಟ್ಟೆ.

ವಾಲ್ಯೂಮ್ ಒಂದೇ ಗುರುತಿನಲ್ಲಿದ್ದರೆ ಸದ್ದೂ ಒಂದೇ ಎಂದು ನಂಬಿದ್ದು ನನ್ನ ತಪ್ಪು. ಒಂದೊಂದು ಆಂಪ್ಲಿಫೈಯರ್ ಒಂದೊಂದು ಪ್ರಮಾಣದಲ್ಲಿ ಸಿಗ್ನಲ್ ಹಿಗ್ಗಿಸುತ್ತದೆ. ಎಲೆಕ್ಟ್ರಿಷಿಯನ್ ಆಗಿರುವ ಅಕ್ಕನ ಮಗ ಮನೆಗೆ ಬಂದು 100 ಹರ್ಟ್ಸಿನ ಒಂದು ತಗ್ಗು ಸ್ವರ ಹಾಕಿ, ಸ್ಪೀಕರಿನ ತಂತಿಗೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದ. ಅಗ್ಗದ ಮೀಟರುಗಳು ಅದಕ್ಕಿಂತ ತುಂಬಾ ಮೇಲಿನ ಸ್ವರಗಳಲ್ಲಿ ತಪ್ಪು ತೋರಿಸುತ್ತವೆ. ಹಳೆಯದಕ್ಕೆ 2.0 ವೋಲ್ಟ್, ಹೊಸದಕ್ಕೆ 2.4. ಸದ್ದಿನ ಅಳತೆಯಾದ ಡೆಸಿಬಲ್‌ನಲ್ಲಿ ವ್ಯತ್ಯಾಸ ಒಂದೂವರೆಗಿಂತ ತುಸು ಹೆಚ್ಚು. ಇಷ್ಟು ಸಣ್ಣ ಏರಿಕೆ ಜೋರಾದಂತೆ ಅನ್ನಿಸದೆ ಸ್ವಚ್ಛವಾದಂತೆ ಅನ್ನಿಸುತ್ತದೆ. ಸದ್ದು ಏರಿದಂತೆ ತಗ್ಗು ಸ್ವರಗಳು ಕಿವಿಗೆ ಇನ್ನಷ್ಟು ತುಂಬಿಕೊಳ್ಳುತ್ತವೆ. ಅಮೆರಿಕದ ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅದನ್ನು ಅಳೆದು ತೋರಿಸಿದ್ದಾರೆ. ನಾನು ಕೇಳಿದ ಡಗ್ಗಾದ ತೂಕ ಅದೇ.

ಎರಡನ್ನೂ 2.0 ವೋಲ್ಟಿಗೆ ತಂದು, ಬಟ್ಟೆ ಹೊದಿಸಿ, ಪ್ರತಿ ಸಲ ನಾಣ್ಯ ಚಿಮ್ಮಿ ಅವನು ಬದಲಿಸಿದ. 16 ಸಲದಲ್ಲಿ 9 ಸಲ ಸರಿ ಹೇಳಿದೆ. ಬರೀ ಊಹೆಗೂ ಅಷ್ಟು ಬರುತ್ತದೆ. ಕನಿಷ್ಠ 12 ಬಂದಿದ್ದರೆ ಕೇಳಿಸಿತು ಎನ್ನಬಹುದಿತ್ತು.

ಆದ್ದರಿಂದ ಅಂಗಡಿಯಲ್ಲೇ ಮೀಟರ್ ಹಿಡಿದು ಸಮ ಮಾಡಿಸಿ. ಒಪ್ಪದಿದ್ದರೆ ಎದ್ದು ಬನ್ನಿ. ಒಂದು ಆಂಪ್ಲಿಫೈಯರಿನಿಂದ ಇನ್ನೊಂದಕ್ಕೆ ಬದಲಾವಣೆ ತಕ್ಷಣ ಆಗಬೇಕು. ತಂತಿ ಬಿಚ್ಚಿ ಕಟ್ಟುವಷ್ಟರಲ್ಲಿ ಸೂಕ್ಷ್ಮ ವ್ಯತ್ಯಾಸಗಳು ನೆನಪಿನಿಂದ ಜಾರಿಹೋಗುತ್ತವೆ.

ಆದರೆ ಸ್ಪೀಕರಿನ ವ್ಯತ್ಯಾಸ, ಕೋಣೆಯ ವ್ಯತ್ಯಾಸ ಯಾರಿಗಾದರೂ ಕೇಳಿಸುತ್ತದೆ. ಸ್ಪೀಕರುಗಳನ್ನು ಮೂಲೆಯಿಂದ ಒಂದೂವರೆ ಅಡಿ ಈಚೆಗೆ ಎಳೆದು, ಟೈಲ್ಸ್ ಮೇಲೆ ಅಮ್ಮನ ದಪ್ಪ ಜಮಖಾನೆ ಹಾಸಿದೆ. ಗುಂಯ್‌ಗುಡುತ್ತಿದ್ದ ಡಗ್ಗಾದಲ್ಲಿ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಿಸತೊಡಗಿತು. ಒಂದು ಪೈಸೆ ಖರ್ಚಾಗಲಿಲ್ಲ.

ಹೊಸದನ್ನು ಹಿಂದಿರುಗಿಸಲು ಹೋದಾಗ ಅಂಗಡಿಯವರು ಬಿಲ್ಲಿನ ಹಿಂಭಾಗ ತೋರಿಸಿದರು: ಡಬ್ಬ ಒಡೆದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಹಣ ಕೊಡುವ ಮೊದಲು ಆ ಸಾಲನ್ನೂ ಓದಿ.