ಸರ್ವರ್‌ನಲ್ಲಿ ಡಿಸ್ಕ್ ಮೌಂಟ್ ಆಗ್ತಿಲ್ವಾ? ಸರಸ್ವತಿಪುರಂನ ಈ ಲಿನಕ್ಸ್ ಸರ್ವಿಸ್‌ನೋರನ್ನ ಕರೀರಿ

ಮೈಸೂರು ಶಿವರಾಂಪೇಟೆಲಿ ನಮ್ದು ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರ ಎಲ್ಲಾ ಮಾಡ್ತೀವಿ, ವರ್ಷಗಟ್ಟಲೆ ಮಾಡಿರೋ ಡಿಸೈನ್ ಪೂರ್ತಿ ಉಬುಂಟು ಅನ್ನೋ ಲಿನಕ್ಸ್ ಇರೋ ಒಂದು ಸರ್ವರ್‌ನ 4 ಟಿಬಿ ಡಿಸ್ಕ್‌ನಲ್ಲಿದೆ. ಈ ಸರ್ವಿಸ್‌ನೋರ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೀತೀನಿ ಕಣ್ರೀ, ಯಾಕಂದ್ರೆ ಲಿನಕ್ಸ್ ಅಂದ ತಕ್ಷಣ ಸುಮಾರು ಅಂಗಡಿಗಳಲ್ಲಿ ವಿಂಡೋಸ್ ಹಾಕ್ಕೊಡ್ತೀವಿ ತಗೊಂಡ್ಬನ್ನಿ ಅಂತಾರೆ.

ಆಗಿದ್ದು ಇಷ್ಟು. ಬ್ಯಾಕಪ್‌ಗೆ ಅಂತ ಇನ್ನೊಂದು ಡಿಸ್ಕ್ ಹಾಕ್ಸಿದ್ವಿ, ಆಮೇಲೆ ಒಂದಿನ ಕರೆಂಟ್ ಹೋಗಿ ಬಂದಾಗ ಸರ್ವರ್ ಒಂದೂವರೆ ನಿಮಿಷ ಸುಮ್ನೆ ಕಾದು ಎಮರ್ಜೆನ್ಸಿ ಮೋಡ್ ಅಂತ ಕಪ್ಪು ಸ್ಕ್ರೀನಲ್ಲಿ ನಿಂತ್ಕೊಂಡ್ಬಿಡ್ತು. ಮೊದ್ಲು ಬೇರೆ ಕಡೆಯಿಂದ ಒಬ್ರು ಬಂದ್ರು, ಹೆಸ್ರು ಬೇಡ, ಎಫ್‌ಎಸ್‌ಟ್ಯಾಬ್ ಅಂತ, ಬೂಟ್ ಆದಾಗ ಯಾವ ಡಿಸ್ಕ್ ಎಲ್ಲಿ ಕೂರ್ಬೇಕು ಅಂತ ಬರ್ದಿರೋ ಫೈಲಲ್ಲಿ ನಮ್ ಡಿಸೈನ್ ಡಿಸ್ಕಿನ ಸಾಲಿಗೆ ಹ್ಯಾಷ್ ಹಾಕಿ ಅದನ್ನ ಲೆಕ್ಕಕ್ಕಿಲ್ದಂಗೆ ಮಾಡಿದ್ರು. ಸರ್ವರ್ ಏನೋ ಎದ್ದು ಕೂತ್ತು, ಆದ್ರೆ ಫೋಲ್ಡರ್ ತೆಗೆದ್ರೆ ಖಾಲಿ! ಡಿಸ್ಕ್ ಹೋಗಿದೆ ಅನ್ಸುತ್ತೆ, ಫಾರ್ಮ್ಯಾಟ್ ಮಾಡಿ ನೋಡೋಣ ಅಂದ್ರು, ಬೇಡ ಅಂತ ಕಳ್ಸಿದ್ವಿ. ಅಷ್ಟ್ರಲ್ಲಿ ಡಿಸೈನ್ ಹುಡುಗ್ರು ಲಗ್ನದ ಸೀಸನ್ನು ಅಂತ ಅದೇ ಖಾಲಿ ಫೋಲ್ಡರ್‌ಗೆ ಹೊಸ ಕೆಲ್ಸ ಸೇವ್ ಮಾಡ್ತಾ ಹೋಗಿದ್ರು.

ಆಮೇಲೆ ಈ ಸರಸ್ವತಿಪುರಂನೋರ ಕಡೆಯಿಂದ ಬಂದಿದ್ದು ಮಂಡ್ಯ ಕಡೆ ಹುಡುಗ. ಬಂದವ್ನೇ ಕೇಳಿದ್ದು "ಸಾರ್, ಇದ್ರ ಮೇಲೆ ಯಾರಾದ್ರೂ ರಿಪೇರಿ ಕಮಾಂಡ್ ಓಡ್ಸವ್ರಾ?" ಅಂತ. ಇಲ್ಲ ಅಂದೆ. "ಒಳ್ಳೇದಾಯ್ತು, ಗಾಬ್ರಿ ಬುಡಿ, ಮೌಂಟ್ ಆಗಿಲ್ಲ ಅಷ್ಟೇ ಕಣ್ಸಾ." ಮೌಂಟ್ ಅಂದ್ರೆ ಡಿಸ್ಕನ್ನ ಒಂದು ಫೋಲ್ಡರ್ ಜಾಗಕ್ಕೆ ಜೋಡ್ಸೋದು. ಎಲ್‌ಎಸ್‌ಬಿಎಲ್‌ಕೆ ಅನ್ನೋ ಕಮಾಂಡ್ ಕೊಟ್ಟು ಎಲ್ಲಾ ಡಿಸ್ಕ್ ಪಟ್ಟಿ ತೆಗೆದು ತೋರ್ಸಿದ. ನಮ್ ಡಿಸ್ಕು ಎಸ್‌ಡಿಸಿ ಅಂತ ಕೂತಿದೆ, ಇಎಕ್ಸ್‌ಟಿ4 ಅಂತ ಅದ್ರ ಫೈಲ್ ಸಿಸ್ಟಂ (ಫೈಲ್ ಜೋಡ್ಸಿಡೋ ವಿಧಾನ) ಹೆಸ್ರೂ ಬರ್ತಿದೆ, ಎಫ್‌ಎಸ್‌ಟ್ಯಾಬಲ್ಲಿ ಮಾತ್ರ ಹಳೇ ಹೆಸ್ರು ಎಸ್‌ಡಿಬಿ1. ಈ ಹೆಸ್ರುಗಳು ಯಾವ ಡಿಸ್ಕ್ ಮೊದ್ಲು ಕಾಣ್ಸುತ್ತೋ ಆ ಕ್ರಮದಲ್ಲಿ ಬೀಳೋದಂತೆ, ಹೊಸ ಡಿಸ್ಕ್ ಸೇರಿದ ಮೇಲೆ ಬೂಟ್ ಆದಾಗ ಅದೇ ಹೆಸ್ರು ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಹಳೇ ಹೆಸರಿನ ಪಾರ್ಟಿಷನ್ ಸಿಗ್ದೆ ಸರ್ವರ್ 90 ಸೆಕೆಂಡ್ ಕಾದು ಕೈ ಚೆಲ್ಲಿದೆ. ಇಷ್ಟಕ್ಕೆ ಫಾರ್ಮ್ಯಾಟ್ ಅಂದಿದ್ರಲ್ಲ ಅಂತ ಈಗ್ಲೂ ಹೊಟ್ಟೆ ಉರಿಯುತ್ತೆ.

ನನಗೆ ಇವ್ರ ಮೇಲೆ ನಂಬಿಕೆ ಬಂದಿದ್ದು ಮುಂದಿನ ಕೆಲ್ಸ ನೋಡಿ. ಕಾರಣ ಸಿಕ್ತು ಅಂತ ತಕ್ಷಣ ಮೌಂಟ್ ಮಾಡ್ಲಿಲ್ಲ. ಮೊದ್ಲು ಡಿಸ್ಕಿನ ಆರೋಗ್ಯ ಹೇಳೋ ಸ್ಮಾರ್ಟ್ ರಿಪೋರ್ಟ್ ತೆಗೆದ, 5ನೇ ನಂಬರ್ ಮತ್ತೆ 197 ಎರಡೂ ಸೊನ್ನೆ, ಅಂದ್ರೆ ಕೆಟ್ಟ ಸೆಕ್ಟರ್ ಯಾವ್ದೂ ಲೆಕ್ಕಕ್ಕೆ ಬಂದಿಲ್ಲ, 199 ಮಾತ್ರ ಏರಿತ್ತು, ಅದು ಹೆಚ್ಚಾಗಿ ಕೇಬಲ್ ತೊಂದ್ರೆ ಅಂತ ಸಾಟಾ ಕೇಬಲ್ ಬದಲಾಯ್ಸಿದ. ಆಮೇಲೆ ಬೇರೆ ಜಾಗಕ್ಕೆ ರೀಡ್ ಓನ್ಲಿ, ಅಂದ್ರೆ ಬರೀ ಓದೋಕೆ ಮಾತ್ರ, ಮೌಂಟ್ ಮಾಡಿದ, ಅದಕ್ಕೂ ನೋಲೋಡ್ ಅಂತ ಒಂದು ಆಪ್ಷನ್ ಸೇರ್ಸಿ. ಬರೀ ರೀಡ್ ಓನ್ಲಿ ಅಂದ್ರೆ ಇಎಕ್ಸ್‌ಟಿ4 ಜರ್ನಲ್ (ಅರ್ಧಕ್ಕೆ ನಿಂತ ಬದಲಾವಣೆಗಳ ಪಟ್ಟಿ) ಓಡ್ಸೋಕೆ ಡಿಸ್ಕಿಗೆ ಬರ್ದೇ ಬರ್ಯುತ್ತಂತೆ, ಇದು ಹಾಕಿದ್ರೆ ಬರ್ಯಲ್ಲ. ಫೈಲ್ ಎಲ್ಲಾ ಕಾಣ್ಸಿದ್ವು, ಜೀವ ಬಂತು. ಮುಖ್ಯವಾದ್ದು ಕಾಪಿ ಆದ್ಮೇಲೇ ಅನ್‌ಮೌಂಟ್ ಮಾಡಿ ಎಫ್‌ಎಸ್‌ಸಿಕೆ ಅನ್ನೋ ಫೈಲ್ ಸಿಸ್ಟಂ ರಿಪೇರಿ ಕಮಾಂಡ್ ಓಡ್ಸಿದ್ದು, ಮೌಂಟ್ ಆಗಿರೋ ಡಿಸ್ಕ್ ಮೇಲೆ ಅದನ್ನ ಓಡ್ಸ್ಲೇಬಾರ್ದು ಅಂತ ನಮ್ ಹುಡುಗ್ರಿಗೂ ಹೇಳ್ಕೊಟ್ಟ.

ಇನ್ನೊಂದು ವಿಷ್ಯ ನಮ್ ಯಾರಿಗೂ ಹೊಳೆದಿರ್ಲಿಲ್ಲ. ಹುಡುಗ್ರು ಸೇವ್ ಮಾಡಿದ್ದ ಹೊಸ ಲಗ್ನಪತ್ರಿಕೆಗಳು ಇದ್ದಿದ್ದು ಸಿಸ್ಟಂನ ಎಸ್‌ಎಸ್‌ಡಿ ಮೇಲೆ, ಹಂಗೇ ಮೇಲಿಂದ ಡಿಸ್ಕ್ ಮೌಂಟ್ ಮಾಡಿದ್ರೆ ಅವೆಲ್ಲಾ ಅಡೀಲಿ ಮುಚ್ಚೋಗ್ತಿದ್ವು, ಜಾಗನೂ ತಿಂತಿದ್ವು, ಕಣ್ಣಿಗೂ ಬೀಳ್ತಿರ್ಲಿಲ್ಲ. ಅವನ್ನ ಮೊದ್ಲು ಬೇರೆ ಫೋಲ್ಡರ್‌ಗೆ ಎತ್ತಿಟ್ಟು, ಖಾಲಿ ಆದ ಫೋಲ್ಡರ್‌ಗೆ ಸಿಎಚ್‌ಎಟಿಟಿಆರ್ ಪ್ಲಸ್ ಐ ಅನ್ನೋ ಬೀಗದಂಥ ಕಮಾಂಡ್ ಕೊಟ್ಟ. ಇನ್ಮೇಲೆ ಡಿಸ್ಕ್ ಕೂತಿಲ್ಲ ಅಂದ್ರೆ ಅಲ್ಲಿಗೆ ಸೇವ್ ಮಾಡೋಕೇ ಬಿಡಲ್ಲ, ಎರರ್ ಬರುತ್ತೆ. ಎಂಥಾ ಒಳ್ಳೇ ಉಪಾಯ!

ಕೊನೇಗೆ ಎಫ್‌ಎಸ್‌ಟ್ಯಾಬಲ್ಲಿ ಹೆಸ್ರು ಬದ್ಲು ಯುಯುಐಡಿ (ಡಿಸ್ಕ್ ಕ್ರಮ ಬದ್ಲಾದ್ರೂ ಬದ್ಲಾಗದ ಗುರುತಿನ ನಂಬರ್) ಹಾಕಿ, ನೋಫೇಲ್ ಸೇರ್ಸಿ, ಫೈಂಡ್‌ಮೌಂಟ್ ವೆರಿಫೈ ಕೊಟ್ಟು ತಪ್ಪಿದ್ಯಾ ಅಂತ ನೋಡಿ, ನಮ್ಮೆದುರಿಗೇ ರೀಬೂಟ್ ಮಾಡಿ ತೋರ್ಸಿದ. ನೋಫೇಲ್ ಇದ್ರೆ ಡಿಸ್ಕ್ ಸಿಗ್ದಿದ್ರೂ ಸರ್ವರ್ ಏಳುತ್ತೆ, ಸದ್ದಿಲ್ದೆ ಏಳುತ್ತೆ ಅನ್ನೋದೇ ಅಪಾಯ, ಅದಕ್ಕೇ ಬ್ಯಾಕಪ್ ಸ್ಕ್ರಿಪ್ಟ್ ಶುರುನಲ್ಲೇ ಡಿಸ್ಕ್ ಮೌಂಟ್ ಆಗಿದ್ಯಾ ಅಂತ ಚೆಕ್ ಮಾಡೋ ಒಂದು ಸಾಲು ಬರ್ದ. ಇದಕ್ಕೆ ಬೇರೆ ಚಾರ್ಜ್ ಕೇಳ್ಲಿಲ್ಲ.

ರೇಟು ಕಮ್ಮಿ ಏನಲ್ಲ, ವಿಸಿಟಿಂಗ್ ಚಾರ್ಜ್ ಬೇರೆ, ಗಂಟೆ ಲೆಕ್ಕ ಬೇರೆ, ಆದ್ರೆ ಫೋನಲ್ಲೇ ಹೇಳ್ಬಿಡ್ತಾರೆ. ಒಂದು ಸ್ಟಾರ್ ಕಡಿಮೆ ಕೊಟ್ಟಿರೋದು ಏನೇನ್ ಬದಲಾಯ್ಸಿದ್ರು ಅಂತ ಬರ್ದು ಕೊಡೋ ಪದ್ಧತಿ ಇಲ್ದೇ ಇರೋದಕ್ಕೆ, ನಾವೇ ಕೇಳಿ ಬರ್ಸ್ಕೊಂಡ್ವಿ, ನೀವೂ ಬರ್ಸ್ಕೊಳ್ಳಿ. ಭಾನುವಾರ ಫೋನ್ ಎತ್ತಲ್ಲ. ಅವ್ರು ಬರೋವರ್ಗೂ ಫಾರ್ಮ್ಯಾಟು, ರಿಪೇರಿ ಅಂತ ಯಾರನ್ನೂ ಆ ಡಿಸ್ಕ್ ಮುಟ್ಟೋಕೆ ಬಿಡ್ಬೇಡಿ.