ಅಂಜೂರಕ್ಕೆ ಬೇರಿನ ಪುಡಿ, ಸ್ಯೂಡೋಮೋನಾಸ್: ಮೂರು ವರ್ಷ ಬಳಸಿದ ಮೇಲೆ

ಬಳ್ಳಾರಿ ಹತ್ತಿರದ ನಮ್ಮ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಅರ್ಧ ಎಕರೆ ಅಂಜೂರ ಇದೆ. ಸಸಿ ಕೊಂಡು ತಂದಿಲ್ಲ, ಎಲ್ಲಾ ನಾವೇ ಕಡ್ಡಿ ನೆಟ್ಟು ಮಾಡಿಕೊಂಡಿದ್ದು. 2022ರ ಜನವರಿಯಿಂದ ಎರಡು ಸಾಮಾನು ಬಳಸುತ್ತಾ ಬಂದೆ. ಒಂದು ಬೇರಿನ ಪುಡಿ, ಅಂದರೆ ಕಡ್ಡಿಗೆ ಬೇರು ಬರಿಸುವ ಐಬಿಎ ಅನ್ನೋ ಹಾರ್ಮೋನ್ ಇರುವ ಪುಡಿ; ಇನ್ನೊಂದು ಸ್ಯೂಡೋಮೋನಾಸ್ ಫ್ಲೋರೆಸೆನ್ಸ್ ಬ್ಯಾಕ್ಟೀರಿಯಾದ ಪುಡಿ.

ಅಂಜೂರಕ್ಕೆ ಹಾರ್ಮೋನ್ ಬೇಕೇ ಬೇಕು ಅಂತಿಲ್ಲ. ಪೆನ್ಸಿಲ್ ದಪ್ಪದ, ಒಂದು ವರ್ಷ ಬಲಿತ ಕಡ್ಡಿಯಾದರೆ ಸುಮ್ನೆ ಮಣ್ಣಿಗೆ ಚುಚ್ಚಿದರೂ ಬೇರು ಬಿಡುತ್ತದೆ. ಮೊದಲ ವರ್ಷ 20 ಕಡ್ಡಿಗೆ ಪುಡಿ ಹಚ್ಚಿದೆ, 20 ಹಾಗೇ ನೆಟ್ಟೆ. ಹಚ್ಚಿದ್ದರಲ್ಲಿ 17 ಹತ್ತಿದವು, ಹಚ್ಚದ್ದರಲ್ಲಿ 14. ನಿಜವಾದ ವ್ಯತ್ಯಾಸ ಗೊತ್ತಾಗಿದ್ದು ಕಡ್ಡಿ ನೆಟ್ಟಿದ್ದ ಚೀಲ ಹರಿದಾಗ. ಪುಡಿ ಇಲ್ಲದ ಕಡ್ಡಿಗೆ ಒಂದೆರಡು ಉದ್ದ ಬೇರು, ಪುಡಿ ಹಚ್ಚಿದ್ದಕ್ಕೆ ಬುಡದ ಗೆಣ್ಣಿನ ಸುತ್ತ ಪೊರಕೆ ಥರ ಬೇರು.

ಒಂದು ಮಾತು ಡಬ್ಬಿ ಮೇಲೆ ಬರೆದಿರಲಿಲ್ಲ. ಅಂಜೂರದ ಕಡ್ಡಿ ಕತ್ತರಿಸಿದ ಕೂಡಲೇ ಹಾಲು ಸೋರುತ್ತದೆ. ಅದರ ಮೇಲೇ ಹಚ್ಚಿದರೆ ಪುಡಿ ಉಂಡೆ ಕಟ್ಟಿ ಉದುರುತ್ತದೆ. ನೀರಲ್ಲಿ ತೊಳೆದು, ಅರ್ಧ ಗಂಟೆ ನೆರಳಲ್ಲಿ ಆರಿಸಿ, ಆಮೇಲೆ ಅದ್ದಿ, ಜಾಸ್ತಿ ಅಂಟಿದ್ದನ್ನು ತಟ್ಟಿಬಿಡಿ. ಎರಡನೇ ವರ್ಷ ನಾನು ದಪ್ಪಗೆ ಮೆತ್ತಿ, ಎಂಟು ಕಡ್ಡಿಯ ಬುಡ ಕಪ್ಪಾಗಿ ಕೊಳೆತುಹೋದವು.

ಬ್ಯಾಕ್ಟೀರಿಯಾ ಮಾತ್ರ ಬಿಡಲಾರೆ. ಮಸಾರಿ ಮಣ್ಣಲ್ಲಿ ಅಂಜೂರಕ್ಕೆ ದೊಡ್ಡ ಕಾಟ ಬೇರುಗಂಟು ಜಂತುಹುಳು, ಅಂದರೆ ಬೇರಿಗೆ ಹೊಕ್ಕು ಗಂಟು ಕಟ್ಟಿಸುವ ಮಣ್ಣಿನ ಸಣ್ಣ ಹುಳು. ಸೊರಗಿದ ಗಿಡ ಕಿತ್ತರೆ ಬೇರಿನ ತುಂಬಾ ಜೋಳದ ಕಾಳಿನಂಥ ಗಂಟು. ಅದಕ್ಕೆ 50 ಕಿಲೋ ಕೊಟ್ಟಿಗೆ ಗೊಬ್ಬರಕ್ಕೆ ಒಂದಿಷ್ಟು ಬೇವಿನ ಹಿಂಡಿ, 1 ಕಿಲೋ ಸ್ಯೂಡೋಮೋನಾಸ್ ಬೆರೆಸಿ, ನೆರಳಲ್ಲಿ ಒದ್ದೆ ಗೋಣಿ ಮುಚ್ಚಿ 15 ದಿನ ಇಡುತ್ತೇನೆ. ನಡುವೆ ಎರಡು ಸಲ ತಿರುವಿ ಹಾಕುತ್ತೇನೆ. ಗೋಣಿ ಎತ್ತಿದಾಗ ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಗೊಬ್ಬರ ತಯಾರು ಅಂತ ನನ್ನ ಲೆಕ್ಕ.

ಹಿಂಡಿಯ ಗುಣವೂ ಇರಬಹುದು ಅಲ್ವಾ ಅಂತ ಒಂದು ಸಾಲಿಗೆ ಬರೀ ಗೊಬ್ಬರ, ಹಿಂಡಿ ಹಾಕಿ ನೋಡಿದೆ. ಎರಡು ವರ್ಷದ ಮೇಲೆ ಆ ಸಾಲಿನ ಬೇರು ಕೆದಕಿದರೆ ಗಂಟು ಎದ್ದು ಕಾಣುತ್ತಿತ್ತು. ಬ್ಯಾಕ್ಟೀರಿಯಾ ಹಾಕಿದ ಸಾಲಲ್ಲಿ ಪೂರ್ತಿ ಹೋಗಿಲ್ಲ, ಆದರೆ ಹುಡುಕಬೇಕು. ಹಣ್ಣಿನ ಗಾತ್ರದಲ್ಲೂ ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಎಲೆಗೆ ಬರುವ ತುಕ್ಕು ರೋಗಕ್ಕೆ ಮಾತ್ರ ಇದನ್ನು ನಂಬಿ ಕೂರಬೇಡಿ, ನನಗೆ ಏನೂ ಉಪಯೋಗವಾಗಲಿಲ್ಲ. ತಾಮ್ರದ ಔಷಧಿ ಹೊಡೆಯುವುದಾದರೆ ಬುಡಕ್ಕೆ ಬೀಳದಂತೆ ನೋಡಿಕೊಳ್ಳಿ, ಬ್ಯಾಕ್ಟೀರಿಯಾ ಸಾಯುತ್ತದೆ.

ಕೊಳ್ಳುವಾಗ ತಾರೀಖು ನೋಡಲೇಬೇಕು. ಒಂದು ಅಂಗಡಿಯಲ್ಲಿ ಬಿಸಿಲಿಗೆ ಬಿದ್ದಿದ್ದ ಪ್ಯಾಕೆಟ್ಟನ್ನೇ ಕೊಟ್ಟರು. ಮನೆಗೆ ಬಂದು ನೋಡಿದರೆ ಅವಧಿ ಮುಗಿದು ನಾಲ್ಕು ತಿಂಗಳಾಗಿತ್ತು. ಒಳಗಿರುವುದು ಜೀವ, ಬದುಕಿದ್ದರೆ ತಾನೇ ಕೆಲಸ ಮಾಡುವುದು? ಅದನ್ನು ಬೆರೆಸಿದ ಗೊಬ್ಬರದ ಶ್ರಮವೆಲ್ಲ ನೀರುಪಾಲಾಯಿತು.

ಈ ಜನವರಿಗೆ ಬೇರಿನ ಪುಡಿ ಹಳೇ ಡಬ್ಬಿಯಲ್ಲಿ ಉಳಿದಿದ್ದೇ ಸಾಕು. ಸ್ಯೂಡೋಮೋನಾಸ್ ಐದು ಕಿಲೋ ಹೇಳಿದ್ದೇನೆ, ಹೊಸ ಸರಕು ಬಂದ ದಿನವೇ ಫೋನ್ ಮಾಡಿ ಅಂತ.