ಬಟ್ಟೆ ಅಂಗಡಿಗೆ ಬಾಕಿ ಕೊಡಬೇಕಾದವರು ಯಾರು?

ಮೊದಲೇ ಹೇಳಿಬಿಡುತ್ತೇನೆ, ಕಂಪನಿಯ ಹೆಸರು ಬರೆಯುವುದಿಲ್ಲ, ಯಾರೂ ಕೇಳಬೇಡಿ. ಹೆಸರು ಗೊತ್ತಾದರೆ ಅದೊಂದನ್ನು ಬಿಟ್ಟು ಅಂಥದ್ದೇ ಇನ್ನೊಂದನ್ನು ಕೊಳ್ಳುತ್ತೀರಿ, ಅಷ್ಟೆ. ಸಣ್ಣಪುಟ್ಟ ಪಟ್ಟಣಗಳಲ್ಲಿ ಬಟ್ಟೆ, ಪಾತ್ರೆ, ದಿನಸಿ ಎಲ್ಲ ಒಂದೇ ಕಡೆ ಮಾರುವ ಮಳಿಗೆಗಳ ಕಂಪನಿ ಅದು, ಷೇರುಪೇಟೆಯಲ್ಲಿ ಲಿಸ್ಟ್ ಆಗಿದೆ. ಅದರಲ್ಲಿ ನನ್ನದು ಒಂದೂ ಮುಕ್ಕಾಲು ಲಕ್ಷ ರೂಪಾಯಿ ಹೋಯಿತು.

ನಾನು ಸುಂಟಿಕೊಪ್ಪದ ಹತ್ತಿರ ಆರು ಎಕರೆ ರೋಬಸ್ಟಾ ಕಾಫಿ ತೋಟ ನೋಡಿಕೊಂಡಿರುವವನು. ಆ ವರ್ಷ ಒಳ್ಳೆ ರೇಟ್ ಸಿಕ್ಕಿತ್ತು. ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಮಾರಿದ ದುಡ್ಡು ಬ್ಯಾಂಕಿನಲ್ಲಿ ಸುಮ್ನೆ ಕೂತಿತ್ತು. ನಮ್ಮದೊಂದು ವಾಟ್ಸಾಪ್ ಗುಂಪಿದೆ, ಕುಶಾಲನಗರದ ಅಂಗಡಿಯವರು, ಮಡಿಕೇರಿಯಲ್ಲಿ ಹೋಂಸ್ಟೇ ನಡೆಸುವವರು, ಮಿಲಿಟರಿಯಿಂದ ನಿವೃತ್ತರಾದ ನಾಲ್ಕೈದು ಜನ, ನನ್ನಂಥ ತೋಟದವರು. ಅಲ್ಲಿ ಈ ಷೇರಿನದೇ ಮಾತು. ಮಳಿಗೆಗಳು 100ರಿಂದ 150 ಆದವು, ಲಾಭ 42 ಕೋಟಿ ಆಯಿತು, ಇನ್ನೇನು ಬೇಕು ಅಂತ. 164 ರೂಪಾಯಿಗೆ 300 ಷೇರು ತೆಗೆದುಕೊಂಡೆ. ಅದು 200ರ ಹತ್ತಿರ ಬಂದಾಗ ನಾನೇ ಜಾಣ ಅನ್ನಿಸಿ 198ಕ್ಕೆ ಇನ್ನೂ 500 ತೆಗೆದುಕೊಂಡೆ.

ಗುಂಪಿನಲ್ಲಿ ಗೋಣಿಕೊಪ್ಪದ ಒಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರ್ ಇದ್ದರು, ಎಲ್ಲರಿಗೂ ಅವರು ಮ್ಯಾನೇಜರ್ ಸಾರ್. ಒಂದು ರಾತ್ರಿ ಅವರು ವಾರ್ಷಿಕ ವರದಿಯ ಒಂದು ಪುಟದ ಫೋಟೋ ಹಾಕಿ ಕೇಳಿದರು: "ಗಿರಾಕಿ ದುಡ್ಡು ಕೊಟ್ಟು ಬಟ್ಟೆ ತಗೊಂಡು ಹೋಗ್ತಾನೆ. ಹಾಗಿದ್ದ ಮೇಲೆ ಈ ಕಂಪನಿಗೆ 204 ಕೋಟಿ ಬಾಕಿ ಕೊಡಬೇಕಾದವರು ಯಾರಪ್ಪಾ?" ಅದರ ಹಿಂದಿನ ವರ್ಷ ಆ ಬಾಕಿ 58 ಕೋಟಿ ಇತ್ತು. ಲಾಭ 42 ಕೋಟಿ ಅಂತ ಬರೆದಿದ್ದರೂ ವ್ಯಾಪಾರದಿಂದ ಕೈಗೆ ಬಂದ ನಗದು ಮೈನಸ್ 37 ಕೋಟಿ ಅಂತ ಅದೇ ವರದಿಯಲ್ಲಿತ್ತು. ನಾವು ಏನು ಮಾಡಿದೆವು ಗೊತ್ತಾ? ನಕ್ಕೆವು. ಸಾರ್ ಎಫ್‌ಡಿ ಇಟ್ಟುಕೊಂಡು ಆರಾಮಾಗಿರಿ ಅಂದರು ಒಬ್ಬರು, ಅದಕ್ಕೆ ನಗುವ ಮುಖ ಹಾಕಿದವರಲ್ಲಿ ನಾನೂ ಒಬ್ಬ. ಅವರು ಅದೇ ಪ್ರಶ್ನೆಯನ್ನು ಇನ್ನೂ ಎರಡು ಸಲ ಕೇಳಿದರು, ಆಮೇಲೆ ಅಡ್ಮಿನ್ ಅವರನ್ನು ತೆಗೆದೇಬಿಟ್ಟ.

ನನ್ನ ದಡ್ಡತನ ನೋಡಿ. ಕಾಫಿ ಮಾರುವಾಗ ವ್ಯಾಪಾರಿ ಚೀಲಕ್ಕೆ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ ತೂಗಿ ಔಟ್‌ಟರ್ನ್ (ಒಂದು ಚೀಲದಲ್ಲಿ ಎಷ್ಟು ಕಿಲೋ ಬೀಜ ಸಿಗುತ್ತದೆ ಅನ್ನುವ ಲೆಕ್ಕ) 26 ಅಂದರೆ, ಇಲ್ಲ 27 ಇದೆ ಇನ್ನೊಂದು ಸಲ ತೂಗಿ ಅಂತ ಅರ್ಧ ಗಂಟೆ ಜಗಳ ಮಾಡುವವನು ನಾನು. ಕಂಪನಿಯವರು ಬರೆದ ಲೆಕ್ಕವನ್ನು ಮಾತ್ರ ದೇವರ ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡೆ.

ಕಣ್ಣಾರೆ ಕಂಡೂ ಬುದ್ಧಿ ಬರಲಿಲ್ಲ, ಅದು ಬೇರೆ ಕಥೆ. ಮಗಳನ್ನು ಹಾಸ್ಟೆಲಿಗೆ ಬಿಡಲು ಮೈಸೂರಿಗೆ ಹೋದಾಗ ಅವರದೇ ಮಳಿಗೆಗೆ ಹೋಗಿದ್ದೆ, ಭಾನುವಾರ ಸಂಜೆ. ಹೊರಗೆ ಏಪ್ರಿಲ್ ಬಿಸಿಲು, ಒಳಗೆ ಬಾಗಿಲ ಹತ್ತಿರವೇ ಸ್ವೆಟರ್‌ಗಳ ಸಾಲು. ಒಂದು ಸ್ವೆಟರಿನ ಚೀಟಿಯಲ್ಲಿ 499 ಅಂತಿತ್ತು. ಉಗುರಲ್ಲಿ ಮೆಲ್ಲಗೆ ಕೆರೆದೆ, ಕೆಳಗೆ 899, ಅದರ ಕೆಳಗೆ 1,299. ತಯಾರಾದ ತಿಂಗಳು ನೋಡಿದರೆ ಎರಡು ವರ್ಷ ಹಳೇ ಮಾಲು. ಮಗಳು "ಅಪ್ಪಾ, ಏನ್ ಮಾಡ್ತಿದ್ದೀರಿ, ನೋಡ್ತಾರೆ" ಅಂತ ಕೈ ಎಳೆದಳು. ಅಂಗಡಿಯಲ್ಲಿ ಉಳಿದ ಮಾಲನ್ನು ಕೊಂಡ ಬೆಲೆಗೆ ತೋರಿಸಬೇಕು, ಅಷ್ಟು ಸಿಗುವುದಿಲ್ಲ ಅಂದರೆ ಸಿಗುವ ಬೆಲೆಗೆ ಇಳಿಸಬೇಕು, ಲೆಕ್ಕಪತ್ರದ ನಿಯಮ ಅದು. ಮಳೆಗೆ ನೆನೆದು ಕಪ್ಪಾದ ಚೆರ್ರಿಗೆ ಒಳ್ಳೆ ಚೆರ್ರಿಯ ರೇಟ್ ಹಾಕಿ ನಾನು ಶ್ರೀಮಂತ ಅಂದುಕೊಳ್ಳಲು ಆಗುತ್ತಾ? ವರದಿಯಲ್ಲಿ ಮಾಲಿನ ಮೊತ್ತ ವರ್ಷ ವರ್ಷ ಉಬ್ಬುತ್ತಲೇ ಇತ್ತು. ಇದೆಲ್ಲ ಈಗ ಓದಿ ತಿಳಿದದ್ದು. ಆವತ್ತು ನಾನು ಯೋಚಿಸಿದ್ದು ಇಷ್ಟೇ, ಡಿಸ್ಕೌಂಟ್ ಚೆನ್ನಾಗಿ ಕೊಡುತ್ತಾರೆ, ಜನ ಬರುತ್ತಾರೆ.

ಷೇರು 118ಕ್ಕೆ ಇಳಿದಾಗ ಆವರೇಜ್ ಮಾಡೋಣ, ಕೊಂಡ ಸರಾಸರಿ ಬೆಲೆ ಇಳಿಯಲಿ ಅಂತ ಇನ್ನೂ 600 ತೆಗೆದುಕೊಂಡೆ. ಒಟ್ಟು 1,400 ಷೇರು, 2,19,000 ರೂಪಾಯಿ. ಆ ಹೊತ್ತಿಗೆ ಪ್ರಮೋಟರ್‌ಗಳು, ಅಂದರೆ ಕಂಪನಿಯ ಹಿಡಿತ ಇರುವ ಮಾಲೀಕರು, ತಮ್ಮ ಷೇರುಗಳಲ್ಲಿ 71 ಪರ್ಸೆಂಟ್ ಸಾಲಕ್ಕೆ ಒತ್ತೆ ಇಟ್ಟಾಗಿತ್ತು. ಇದೇನೂ ಗುಟ್ಟಲ್ಲ. ಪ್ರತಿ ಮೂರು ತಿಂಗಳಿಗೊಮ್ಮೆ ಯಾರ ಹತ್ತಿರ ಎಷ್ಟು ಷೇರಿದೆ, ಎಷ್ಟು ಒತ್ತೆಯಲ್ಲಿದೆ ಅನ್ನುವ ಪಟ್ಟಿ ಬಿಎಸ್‌ಇ, ಎನ್‌ಎಸ್‌ಇ ಎರಡೂ ಷೇರುಪೇಟೆಗಳ ವೆಬ್‌ಸೈಟಿನಲ್ಲೂ ಬರುತ್ತದೆ, ಬಿಟ್ಟಿ. ಬೆಲೆ ಬಿದ್ದರೆ ಸಾಲ ಕೊಟ್ಟವರು ಒತ್ತೆಯ ಷೇರನ್ನೇ ಮಾರುತ್ತಾರೆ, ಅದರಿಂದ ಬೆಲೆ ಇನ್ನೂ ಬೀಳುತ್ತದೆ. ನಾವು ಗುಂಪಿನಲ್ಲಿ ನೋಡುತ್ತಿದ್ದದ್ದು ಟಾರ್ಗೆಟ್ ಮಾತ್ರ, ಬೆಲೆ ಎಲ್ಲಿಗೆ ಏರುತ್ತದೆ ಅಂತ.

ಜುಲೈನಲ್ಲಿ ಆಡಿಟರ್ ಅರ್ಧಕ್ಕೆ ಬಿಟ್ಟು ಹೋದರು. ಕೇಳಿದ ಮಾಹಿತಿ ಕಂಪನಿ ಕೊಡಲಿಲ್ಲ ಅಂತ ಪತ್ರದಲ್ಲೇ ಬರೆದಿದ್ದರು. ಮಾರನೇ ದಿನದಿಂದ ಲೋವರ್ ಸರ್ಕ್ಯೂಟ್, ಒಂದು ದಿನದಲ್ಲಿ ಬೆಲೆ ಎಷ್ಟು ಇಳಿಯಬಹುದೋ ಆ ಮಿತಿ, ದಿನಕ್ಕೆ 5 ಪರ್ಸೆಂಟ್. ಲೋವರ್ ಸರ್ಕ್ಯೂಟ್ ಅಂದರೆ ಏನು ಅಂತ ಪುಸ್ತಕದಲ್ಲಿ ಓದಿದರೆ ಗೊತ್ತಾಗುವುದಿಲ್ಲ. ಆ ಮಳೆಯಲ್ಲಿ ಮೂರು ದಿನದಿಂದ ಕರೆಂಟ್ ಇಲ್ಲ, ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಮೊದಲೇ ಕೊಡೆ ಹಿಡಿದು, ಜಿಗಣೆ ಕೊಡವಿಕೊಳ್ಳುತ್ತಾ, ತೋಟದ ಮೇಲಿನ ರಸ್ತೆ ತಿರುವಿಗೆ ಹೋಗಿ ನಿಲ್ಲುತ್ತಿದ್ದೆ, ಅಲ್ಲಿ ಎರಡು ಕಡ್ಡಿ ಸಿಗ್ನಲ್ ಬರುತ್ತದೆ. ಮಾರುವವರ ಸಾಲು ಲಕ್ಷಗಟ್ಟಲೆ, ಕೊಳ್ಳುವವರ ಕಡೆ ಸೊನ್ನೆ. ಆರ್ಡರ್ ಹಾಕುವುದು, ಸಂಜೆ ಅದು ತಾನಾಗೇ ರದ್ದಾಗುವುದು. 96 ಇದ್ದದ್ದು 22 ದಿನದ ವಹಿವಾಟಿನಲ್ಲಿ 31 ಆಯಿತು. ಆ ದಿನ ಯಾರೋ ಕೊಂಡರು, ನನ್ನ 1,390 ಷೇರು ಹೋಯಿತು. ಕೈಗೆ ಬಂದದ್ದು 43,000 ಚಿಲ್ಲರೆ. ಮನೆಯವಳಿಗೆ ಪೂರ್ತಿ ಲೆಕ್ಕ ಹೇಳಲು ಇನ್ನೂ ಎರಡು ತಿಂಗಳು ಹಿಡಿಯಿತು.

ನೀವು ಅಂಗಡಿ ಕಂಪನಿಯ ಷೇರು ಕೊಳ್ಳುವುದಿದ್ದರೆ, ದಯವಿಟ್ಟು ಲಾಭದ ಸಾಲಿನಲ್ಲೇ ನಿಲ್ಲಬೇಡಿ. ಮೂರು ತಿಂಗಳ ಫಲಿತಾಂಶದಲ್ಲಿ ನಗದಿನ ಲೆಕ್ಕ ಸಾಮಾನ್ಯವಾಗಿ ಇರುವುದಿಲ್ಲ, ಅರ್ಧ ವರ್ಷದ್ದು ಮತ್ತು ಪೂರ್ತಿ ವರ್ಷದ್ದು ಬಂದಾಗ ಜೊತೆಗೆ ಬರುತ್ತದೆ, ಅದನ್ನು ತೆಗೆದು ನೋಡಿ. ಆಮೇಲೆ ಸಂಬಂಧಿಕರ ಕಂಪನಿಗಳ ಜೊತೆಗಿನ ವ್ಯವಹಾರದ ಪುಟ. ನಮ್ಮ ಕಂಪನಿಯ ಆ 204 ಕೋಟಿಯಲ್ಲಿ ದೊಡ್ಡ ಪಾಲು ಪ್ರಮೋಟರ್ ಮನೆಯವರದೇ ಹೋಲ್‌ಸೇಲ್ ಕಂಪನಿಯಿಂದ ಬರಬೇಕಿತ್ತು, 140 ಪುಟ ದಾಟಿದ ಮೇಲೆ ಸಣ್ಣ ಅಕ್ಷರದಲ್ಲಿ ಇತ್ತು. ಮೋಸ ಅಂತ ನಾನು ಹೇಳುತ್ತಿಲ್ಲ, ಅದನ್ನು ಹೇಳಬೇಕಾದವರು ಬೇರೆ ಇದ್ದಾರೆ. ಬರೆದಿದ್ದನ್ನೂ ನಾನು ಓದಲಿಲ್ಲ, ನನ್ನ ಸಿಟ್ಟು ಅದಕ್ಕೆ.

ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿಯ ದೂರಿನ ವೆಬ್‌ಸೈಟ್ ಸ್ಕೋರ್ಸ್‌ನಲ್ಲಿ ದೂರು ಕೊಡಬಹುದು, 21 ದಿನದೊಳಗೆ ಉತ್ತರ ಬರಬೇಕು. ಆದರೆ ಬೆಲೆ ಬಿದ್ದು ಹೋದ ದುಡ್ಡನ್ನು ಅಲ್ಲಿ ಯಾರೂ ವಾಪಸ್ ಕೊಡಿಸುವುದಿಲ್ಲ. ಫೀಸ್ ಕೊಡಿ ಕೊಡಿಸುತ್ತೇವೆ ಅಂತ ಫೋನ್ ಬಂದರೆ ಇಟ್ಟುಬಿಡಿ, ನನಗೆ ಎರಡು ಬಂದಿದ್ದವು. ಇನ್‌ಕಂ ಟ್ಯಾಕ್ಸ್ ರಿಟರ್ನ್ ಮಾತ್ರ ಗಡುವಿನೊಳಗೆ ಹಾಕಿ. ಆಗ ಈ ನಷ್ಟವನ್ನು 8 ವರ್ಷದವರೆಗೆ ಮುಂದೆ ತೆಗೆದುಕೊಂಡು ಹೋಗಿ ಷೇರಿನ ಲಾಭದಲ್ಲಿ ಕಳೆಯಬಹುದು.

10 ಷೇರು ಬೇಕೆಂದೇ ಉಳಿಸಿಕೊಂಡಿದ್ದೆ, ವಾರ್ಷಿಕ ಸಭೆಗೆ ಹೋಗಲು. ವಿಡಿಯೋದಲ್ಲೇ ಸಭೆ, ಮಾತಾಡುವವರು ಮೊದಲೇ ಹೆಸರು ಕೊಡಬೇಕು, ಕೊಟ್ಟಿದ್ದೆ. ನನ್ನ ಸರದಿ ಬಂದಾಗ ಮ್ಯಾನೇಜರ್ ಸಾರ್ ಕೇಳಿದ್ದ ಪ್ರಶ್ನೆಯನ್ನೇ ಕೇಳಿದೆ. ಬರಹದಲ್ಲಿ ಉತ್ತರ ಕಳಿಸುತ್ತೇವೆ ಅಂದರು. ಬಂದಿಲ್ಲ.

ಸಾರನ್ನು ಮತ್ತೆ ಗುಂಪಿಗೆ ಸೇರಿಸು ಅಂತ ಅಡ್ಮಿನ್‌ಗೆ ಹೇಳಿದ್ದೆ. ಲಿಂಕ್ ಕಳಿಸಿದ್ದಾನಂತೆ, ಅವರು ಇನ್ನೂ ಒತ್ತಿಲ್ಲ.